ಈ ಕಲೆ ಆಕಾಶದ್ದೋ, ಕ್ಯಾಮೆರಾದ್ದೋ? ವೆಬ್ ದೂರದರ್ಶಕದ ಅವಕೆಂಪು ಚಿತ್ರಗಳಿಗೊಂದು ದೋಷ ನಿವಾರಣೆ ಕೈಪಿಡಿ

ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶವನ್ನು ಇಳಿಸಿಕೊಂಡು ತಾವೇ ಸಂಸ್ಕರಿಸಿ ನೋಡುವವರಿಗಾಗಿ ಇದನ್ನು ಬರೆದಿದ್ದೇನೆ. ಬೆಂಗಳೂರಿನಲ್ಲಿ ಇಂಥವರು ಎಲ್ಲ ಕಡೆ ಸಿಗುತ್ತಾರೆ. ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿರುವವರು, ಇಂಜಿನಿಯರಿಂಗ್ ಓದುತ್ತಲೇ ಆಕಾಶದ ಹುಚ್ಚು ಹಚ್ಚಿಕೊಂಡವರು, ಐಟಿ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆಯುವವರು. ಅವರು ಕಳಿಸುವ ಚಿತ್ರಗಳ ಜೊತೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ಇಲ್ಲೊಂದು ಏನೋ ಇದೆ, ಇದನ್ನು ತೆಗೆಯೋದು ಹೇಗೆ?"

ತೆಗೆಯುವ ಮಾತು ಆಮೇಲೆ. ಅದು ಎಲ್ಲಿ ಒಳಗೆ ಬಂತು ಅನ್ನುವುದು ಮೊದಲು ಗೊತ್ತಾಗಬೇಕು. ಬೆಳಕು ಹೊರಟಲ್ಲಿಂದ ನಿಮ್ಮ ಪರದೆ ಮುಟ್ಟುವವರೆಗೆ ಐದು ಮೆಟ್ಟಿಲು ಇಳಿಯುತ್ತದೆ: ಆಕಾಶ, ಕನ್ನಡಿಗಳು ಮತ್ತು ಅವನ್ನು ಹಿಡಿದಿರುವ ಚೌಕಟ್ಟು, ಡಿಟೆಕ್ಟರ್ (ಬೆಳಕನ್ನು ಹಿಡಿಯುವ ಚಿಪ್), ಅದನ್ನು ಓದುವ ಎಲೆಕ್ಟ್ರಾನಿಕ್ಸ್, ಕೊನೆಗೆ ನಮ್ಮ ಕಂಪ್ಯೂಟರ್. ಯಾವ ಮೆಟ್ಟಿಲಲ್ಲಿ ಕೆಟ್ಟಿತೆಂದು ತಿಳಿಯದೆ ಮಾಡಿದ ರಿಪೇರಿ ನಿಜವಾದ ನೀಹಾರಿಕೆಯನ್ನೇ ಒರೆಸಿ ಹಾಕಬಹುದು. ಹಾಗೆ ಆದದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೆಲದ ಮೇಲಿನ ದೂರದರ್ಶಕಕ್ಕೆ ಇನ್ನೊಂದು ದಾರಿ ಇರುತ್ತದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕುಳಿತೇ ನಡೆಸುತ್ತಾರೆ. ಅಲ್ಲಿನ ಅವಕೆಂಪು (ಇನ್‌ಫ್ರಾರೆಡ್) ಉಪಕರಣದಲ್ಲಿ ಏನೋ ಅನುಮಾನ ಬಂದರೆ ಯಾರಾದರೂ ಹೋಗಿ ಬಿಚ್ಚಿ ನೋಡಬಹುದು. 2021ರ ಡಿಸೆಂಬರ್ 25ರಂದು ಹಾರಿದ ವೆಬ್ ಇರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಅದನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ಕೈಗೆ ಸಿಗುವುದು ಅಂಕಿಗಳು ಮಾತ್ರ, ರೋಗ ಪತ್ತೆಯಾಗಬೇಕಾದದ್ದೂ ಅಂಕಿಗಳಲ್ಲೇ.

ಯಾವ ಫೈಲ್‌ನಿಂದ ಶುರು ಮಾಡಬೇಕು

ಬಹಳ ಜನ ಐ2ಡಿ ಎಂಬ ಕೊನೆಯ ಹಂತದ ಮೊಸಾಯಿಕ್ ಚಿತ್ರವನ್ನು ತೆರೆದು ಅಲ್ಲೇ ಪತ್ತೇದಾರಿಕೆ ಶುರು ಮಾಡುತ್ತಾರೆ. ಅದು ಸುಂದರವಾಗಿರುತ್ತದೆ, ಆದರೆ ಸಾಕ್ಷ್ಯ ಅಲ್ಲಿ ಅಳಿಸಿಹೋಗಿರುತ್ತದೆ. ಹಲವು ಎಕ್ಸ್‌ಪೋಶರ್‌ಗಳನ್ನು ಎಳೆದು, ತಿರುಗಿಸಿ, ಸರಾಸರಿ ಮಾಡಿ ಅದನ್ನು ಕಟ್ಟಿರುತ್ತಾರೆ. ಒಂದೇ ಡಿಟೆಕ್ಟರ್‌ನ ತಪ್ಪು ಅಲ್ಲಿ ನಾಲ್ಕು ಕಡೆ ಮಂದವಾಗಿ ಹರಡಿಕೊಂಡಿರುತ್ತದೆ.

ಹಿಂದಕ್ಕೆ ನಡೆಯಿರಿ. ಐ2ಡಿಯ ಹಿಂದೆ ಕ್ಯಾಲ್ (ಒಂದೊಂದೇ ಎಕ್ಸ್‌ಪೋಶರ್‌ನ, ಅಳತೆ ಸರಿಪಡಿಸಿದ ಚಿತ್ರ), ಅದರ ಹಿಂದೆ ರೇಟ್ (ಪ್ರತಿ ಪಿಕ್ಸೆಲ್‌ನಲ್ಲಿ ಬೆಳಕು ಸೇರಿದ ವೇಗ), ಎಲ್ಲಕ್ಕಿಂತ ಹಿಂದೆ ಅನ್‌ಕ್ಯಾಲ್ (ಏನೂ ಸಂಸ್ಕರಿಸದ ಕಚ್ಚಾ ದತ್ತಾಂಶ). ಕಲೆ ಯಾವ ಫೈಲ್‌ನಲ್ಲಿ ಮೊದಲ ಬಾರಿ ಕಾಣಿಸುತ್ತದೆ ಎಂದು ಗುರುತು ಹಾಕಿಕೊಳ್ಳಿ. ರೇಟ್‌ನಲ್ಲಿ ಇಲ್ಲದ್ದು ಕ್ಯಾಲ್‌ನಲ್ಲಿ ಬಂದಿದ್ದರೆ ಫ್ಲ್ಯಾಟ್ ಫೀಲ್ಡ್ (ಪಿಕ್ಸೆಲ್‌ಗಳ ಸಂವೇದನೆಯ ಏರುಪೇರು ಸರಿದೂಗಿಸುವ ಹಂತ) ಅಥವಾ ಅದಕ್ಕೆ ಬಳಸಿದ ರೆಫರೆನ್ಸ್ ಫೈಲ್ (ತಿದ್ದುಪಡಿಯ ಅಂಕಿಗಳಿರುವ ಫೈಲ್) ಮೇಲೆ ಅನುಮಾನ. ಕ್ಯಾಲ್‌ನಲ್ಲಿ ಇಲ್ಲದ್ದು ಐ2ಡಿಯಲ್ಲಿ ಬಂದಿದ್ದರೆ ಮೊಸಾಯಿಕ್ ಹೆಣೆಯುವಾಗ ಆದ ಎಡವಟ್ಟು.

ಅನ್‌ಕ್ಯಾಲ್ ಫೈಲ್ ಒಂದು ಚಿತ್ರವಲ್ಲ, ಚಿತ್ರಗಳ ಸರಣಿ. ಅವಕೆಂಪು ಡಿಟೆಕ್ಟರ್ ಮಾಮೂಲಿ ಕ್ಯಾಮೆರಾದ ಹಾಗೆ ಕೊನೆಯಲ್ಲಿ ಒಮ್ಮೆ ಮಾತ್ರ ಓದುವುದಿಲ್ಲ. ನಲ್ಲಿಯ ಕೆಳಗಿಟ್ಟ ಬಿಂದಿಗೆ ತುಂಬುವಾಗ ನೀರಿನ ಮಟ್ಟವನ್ನು ಮತ್ತೆ ಮತ್ತೆ ಇಣುಕಿ ನೋಡಿ ಬರೆದಿಟ್ಟ ಹಾಗೆ, ಪ್ರತಿ ಪಿಕ್ಸೆಲ್‌ನಲ್ಲಿ ಸೇರುತ್ತಿರುವ ವಿದ್ಯುದಂಶವನ್ನು ಖಾಲಿ ಮಾಡದೆಯೇ ಹಲವು ಸಲ ಓದುತ್ತದೆ. ವೆಬ್‌ನ ಸಮೀಪ ಅವಕೆಂಪು ಕ್ಯಾಮೆರಾ ನಿಯರ್‌ಕ್ಯಾಮ್‌ನ ಪೂರ್ಣ ಚೌಕಟ್ಟನ್ನು ಒಮ್ಮೆ ಓದಲು 10.74 ಸೆಕೆಂಡ್ ಬೇಕು. ಹೀಗೆ ಏರುತ್ತ ಹೋಗುವ ಅಂಕಿಗಳ ಗೆರೆಗೆ ರ‍್ಯಾಂಪ್ ಎನ್ನುತ್ತಾರೆ. ಅದರ ಇಳಿಜಾರೇ ರೇಟ್ ಫೈಲ್‌ನ ಬೆಲೆ. ಅನುಮಾನ ಬಂದ ಪಿಕ್ಸೆಲ್‌ನ ರ‍್ಯಾಂಪನ್ನು ಗ್ರಾಫ್ ಹಾಕಿ ನೋಡುವ ಅಭ್ಯಾಸ ಒಂದಿದ್ದರೆ ಅರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ.

ಮೊದಲ ಪರೀಕ್ಷೆ: ಅದು ಯಾರ ಜೊತೆ ಚಲಿಸುತ್ತದೆ?

ವೆಬ್ ಒಂದೇ ಗುರಿಯನ್ನು ನೋಡುವಾಗಲೂ ಪ್ರತಿ ಎಕ್ಸ್‌ಪೋಶರ್‌ಗೆ ಸ್ವಲ್ಪ ಸರಿದು ನಿಲ್ಲುತ್ತದೆ. ಇದನ್ನು ಡಿದರ್ ಎನ್ನುತ್ತಾರೆ. ನಮಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಒಂದೇ ಡಿಟೆಕ್ಟರ್‌ನ, ಬೇರೆ ಬೇರೆ ಡಿದರ್‌ನ ಎರಡು ಕ್ಯಾಲ್ ಫೈಲ್ ತೆಗೆದುಕೊಳ್ಳಿ. ಒಮ್ಮೆ ಪಿಕ್ಸೆಲ್ ಲೆಕ್ಕದಲ್ಲಿ ಹೊಂದಿಸಿ, ಇನ್ನೊಮ್ಮೆ ಆಕಾಶದ ನಿರ್ದೇಶಾಂಕದ ಲೆಕ್ಕದಲ್ಲಿ ಹೊಂದಿಸಿ, ಎರಡನ್ನೂ ಮಿಣುಕಿಸಿ ನೋಡಿ. ಡಿಎಸ್9 ತಂತ್ರಾಂಶದಲ್ಲಿ ಇದು ಎರಡು ಕ್ಲಿಕ್ಕಿನ ಕೆಲಸ. ನಕ್ಷತ್ರಗಳ ಜೊತೆ ಸರಿದರೆ ಅದು ಆಕಾಶದ್ದು, ಇಲ್ಲವೇ ನಕ್ಷತ್ರವೊಂದಕ್ಕೆ ಅಂಟಿಕೊಂಡ ದೃಗ್ವಿಜ್ಞಾನದ ಪರಿಣಾಮ. ಅದೇ ಪಿಕ್ಸೆಲ್‌ನಲ್ಲಿ ಕದಲದೆ ಕುಳಿತಿದ್ದರೆ ಡಿಟೆಕ್ಟರ್‌ನದು ಅಥವಾ ಅಡ್ಡದಾರಿಯಲ್ಲಿ ಬಂದ ಬೆಳಕು. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವೇ ಇಲ್ಲ ಎಂದರೆ ಕ್ಷಣಿಕ ಘಟನೆ, ಹೆಚ್ಚಾಗಿ ಕಾಸ್ಮಿಕ್ ಕಿರಣ.

ನಿಯರ್‌ಕ್ಯಾಮ್‌ನಲ್ಲಿ ಎರಡನೆಯ ಸಾಕ್ಷಿಯೂ ಇದೆ. ಈ ಕ್ಯಾಮೆರಾ ಒಂದೇ ಹೊತ್ತಿನಲ್ಲಿ ಒಂದೇ ಜಾಗವನ್ನು ಕಿರುತರಂಗ ಮತ್ತು ದೀರ್ಘತರಂಗ ಎರಡರಲ್ಲೂ ಹಿಡಿಯುತ್ತದೆ. ಇದರ 10 ಡಿಟೆಕ್ಟರ್‌ಗಳಲ್ಲಿ 8 ಕಿರುತರಂಗಕ್ಕೆ, 2 ದೀರ್ಘತರಂಗಕ್ಕೆ. ಕಿರುತರಂಗದಲ್ಲಿ ಕಂಡ ಮೋಡ ಅದೇ ಕ್ಷಣದ ದೀರ್ಘತರಂಗದ ಚಿತ್ರದಲ್ಲಿ ಪೂರ್ತಿ ಕಾಣೆಯಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೂ ಇದೊಂದನ್ನೇ ನಂಬಿ ತೀರ್ಪು ಕೊಡಬೇಡಿ. ಧೂಳಿನಿಂದ ಚದುರಿದ ನಕ್ಷತ್ರದ ಬೆಳಕು ಸಹಜವಾಗಿಯೇ ಕಿರುತರಂಗದಲ್ಲಿ ಹೆಚ್ಚು ಹೊಳೆಯಬಹುದು.

ಲಕ್ಷಣ: ಚಿತ್ರದ ತುಂಬ ಅಡ್ಡ ಪಟ್ಟೆಗಳು

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು. ರೇಟ್ ಫೈಲ್‌ನ ಹಿನ್ನೆಲೆಯನ್ನು ಸ್ವಲ್ಪ ಎಳೆದು ನೋಡಿದರೆ ಸಾಲುಸಾಲಾಗಿ ತೆಳುವಾದ ಅಡ್ಡ ಗೆರೆಗಳು ಕಾಣುತ್ತವೆ, ಒಂದು ಎಕ್ಸ್‌ಪೋಶರ್‌ನ ವಿನ್ಯಾಸ ಇನ್ನೊಂದರಲ್ಲಿ ಇರುವುದಿಲ್ಲ. ಆಕಾಶಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಓದುವ ಎಲೆಕ್ಟ್ರಾನಿಕ್ಸ್‌ನ ಸದ್ದು. ಇದರ ಹೆಸರು ಒನ್ ಬೈ ಎಫ್ ನಾಯ್ಸ್.

ಕಾರಣ ಹೀಗೆ. ನಿಯರ್‌ಕ್ಯಾಮ್‌ನ ಪ್ರತಿ ಡಿಟೆಕ್ಟರ್‌ನಲ್ಲಿ 2048 ಸಾಲು, 2048 ಕಂಬ. ಅದನ್ನು 512 ಕಂಬಗಳ ನಾಲ್ಕು ಭಾಗ ಮಾಡಿ ನಾಲ್ಕು ಆಂಪ್ಲಿಫೈಯರ್‌ಗಳು ಒಟ್ಟಿಗೇ ಓದುತ್ತವೆ, ಒಂದು ಪಿಕ್ಸೆಲ್‌ಗೆ 10 ಮೈಕ್ರೋಸೆಕೆಂಡ್‌ನಂತೆ, ಸಾಲಿನ ಉದ್ದಕ್ಕೂ. ಓದುತ್ತಿರುವಾಗ ಬಯಾಸ್ ವೋಲ್ಟೇಜ್ (ಡಿಟೆಕ್ಟರ್‌ಗೆ ಕೊಡುವ ಆಧಾರ ವೋಲ್ಟೇಜ್) ನಿಧಾನವಾಗಿ ಏರಿಳಿಯುತ್ತದೆ. ಒಂದು ಸಾಲು ಓದಿ ಮುಗಿಯುವ ಐದು ಮಿಲಿಸೆಕೆಂಡ್ ಹೊತ್ತಿನಲ್ಲಿ ಅದು ಹೆಚ್ಚು ಬದಲಾಗುವುದಿಲ್ಲ, ಆದರೆ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ತುಸು ಸರಿದಿರುತ್ತದೆ. ಹಾಗಾಗಿ ಇಡೀ ಸಾಲು ಒಟ್ಟಿಗೆ ಮೇಲೋ ಕೆಳಗೋ ಆಗಿ ಪಟ್ಟೆಯಾಗುತ್ತದೆ. ಡಿಟೆಕ್ಟರ್‌ನ ಅಂಚಿನಲ್ಲಿ ಬೆಳಕಿಗೆ ಸ್ಪಂದಿಸದ 4 ಪಿಕ್ಸೆಲ್ ಅಗಲದ ರೆಫರೆನ್ಸ್ ಪಿಕ್ಸೆಲ್‌ಗಳಿವೆ. ಅವನ್ನು ನೋಡಿ ಪೈಪ್‌ಲೈನ್ (ವೆಬ್ ದತ್ತಾಂಶವನ್ನು ಹಂತಹಂತವಾಗಿ ಸಂಸ್ಕರಿಸುವ ತಂತ್ರಾಂಶ) ಒಂದಷ್ಟು ಸರಿಪಡಿಸುತ್ತದೆ, ಆದರೆ ಸಾಲಿಗೆ ಅಷ್ಟು ಕಡಿಮೆ ಪಿಕ್ಸೆಲ್‌ಗಳಿಂದ ಪೂರ್ತಿ ಸರಿಯಾಗುವುದಿಲ್ಲ.

ನಿವಾರಣೆ ಸರಳವಾಗಿ ಕಾಣುತ್ತದೆ: ನಕ್ಷತ್ರ, ಗ್ಯಾಲಕ್ಸಿಗಳನ್ನೆಲ್ಲ ಮುಚ್ಚಿ, ಉಳಿದ ಹಿನ್ನೆಲೆಯಿಂದ ಪ್ರತಿ ಸಾಲಿನ ಮಧ್ಯಮ ಬೆಲೆ ತೆಗೆದು ಕಳೆಯುವುದು. ಪೈಪ್‌ಲೈನ್‌ನಲ್ಲೇ ಇದಕ್ಕೆಂದು ಕ್ಲೀನ್ ಫ್ಲಿಕರ್ ನಾಯ್ಸ್ ಎಂಬ ಹಂತ ಇದೆ. ಅದು ನಿಮ್ಮ ಫೈಲ್ ಮೇಲೆ ನಡೆದಿದೆಯೋ ಇಲ್ಲವೋ ಹೆಡರ್‌ನಲ್ಲಿ (ಫೈಲ್‌ನ ಆರಂಭದ ವಿವರಪಟ್ಟಿಯಲ್ಲಿ) ಬರೆದಿರುತ್ತದೆ, ನೋಡಿಕೊಳ್ಳಿ. ಎರಡು ಸಲ ಕಳೆದರೆ ಹೊಸ ತೊಂದರೆ.

ಎಚ್ಚರ ಬೇಕಾದ ಜಾಗ ಒಂದಿದೆ. ದೊಡ್ಡ ಗ್ಯಾಲಕ್ಸಿಯೋ ನೀಹಾರಿಕೆಯೋ ಸಾಲಿನ ಬಹುಭಾಗ ತುಂಬಿದ್ದರೆ ಮಧ್ಯಮ ಬೆಲೆಯಲ್ಲಿ ಅದರ ಬೆಳಕೂ ಸೇರಿಹೋಗುತ್ತದೆ. ಕಳೆದ ಮೇಲೆ ಗ್ಯಾಲಕ್ಸಿಯ ಎಡಬಲದಲ್ಲಿ ಕಪ್ಪು ಪಟ್ಟಿ ಎದ್ದು ನಿಲ್ಲುತ್ತದೆ. ಕಪ್ಪು ಪಟ್ಟಿಯ ಎತ್ತರ ಗ್ಯಾಲಕ್ಸಿಯ ಎತ್ತರದಷ್ಟೇ ಇದ್ದರೆ ಅದು ನೀವೇ ಸೃಷ್ಟಿಸಿದ ದೋಷ. ಓರಿಯನ್‌ನಂಥ ಇಡೀ ಚೌಕಟ್ಟು ತುಂಬುವ ನೀಹಾರಿಕೆಗೆ ಈ ಕ್ರಮವನ್ನು ಬಳಸಲೇಬೇಡಿ ಅನ್ನುವುದು ನನ್ನ ಸಲಹೆ. ಅಲ್ಲಿ ಬೆಳಕು ಧಾರಾಳವಾಗಿರುತ್ತದೆ, ಪಟ್ಟೆ ಅಷ್ಟಾಗಿ ಕಾಡುವುದೂ ಇಲ್ಲ.

ಪಟ್ಟೆ ಅಡ್ಡಕ್ಕಿರದೆ 512, 1024, 1536ನೆಯ ಕಂಬಗಳಲ್ಲಿ ಉದ್ದುದ್ದ ಗಡಿಗಳು ಕಂಡರೆ ಅದು ಆಂಪ್ಲಿಫೈಯರ್‌ಗಳ ನಡುವಿನ ಮಟ್ಟದ ವ್ಯತ್ಯಾಸ. ನಾಲ್ಕು ಭಾಗಗಳ ಹಿನ್ನೆಲೆಯನ್ನು ಬೇರೆ ಬೇರೆಯಾಗಿ ಅಳೆದು ಸರಿದೂಗಿಸಿ.

ಲಕ್ಷಣ: ದುಂಡನೆಯ ಮಬ್ಬು ಉಂಡೆ

ಚೆನ್ನಾಗಿ ದುಂಡಗಿದೆ, ಸುತ್ತ ಪ್ರಭಾವಲಯ ಇದೆ, ದೂರದ ದೀರ್ಘವೃತ್ತ ಗ್ಯಾಲಕ್ಸಿಯ ಹಾಗೆಯೇ ತೋರುತ್ತದೆ. ಪಕ್ಕದ ಡಿದರ್‌ನಲ್ಲಿ ಇಲ್ಲ. ಇದು ಸ್ನೋಬಾಲ್, ಅಂದರೆ ಬಹಳ ಶಕ್ತಿಯ ಕಣವೊಂದು ಡಿಟೆಕ್ಟರ್‌ಗೆ ಬಡಿದ ಗುರುತು. ಮಾಮೂಲಿ ಕಾಸ್ಮಿಕ್ ಕಿರಣ ಬೆರಳೆಣಿಕೆಯ ಪಿಕ್ಸೆಲ್ ಕೆಡಿಸುತ್ತದೆ. ಸ್ನೋಬಾಲ್‌ನ ನಡು ಒಮ್ಮೆಗೇ ತುಂಬಿ ತುಳುಕಿ ಸುತ್ತಲಿನ ನೂರಾರು ಪಿಕ್ಸೆಲ್‌ಗಳಿಗೆ ವಿದ್ಯುದಂಶ ಚೆಲ್ಲುತ್ತದೆ.

ರ‍್ಯಾಂಪ್ ನೋಡಿದರೆ ಸಂಶಯಕ್ಕೆ ಜಾಗವೇ ಉಳಿಯುವುದಿಲ್ಲ. ನಿಜವಾದ ಗ್ಯಾಲಕ್ಸಿಯಿದ್ದಲ್ಲಿ ರ‍್ಯಾಂಪ್ ಮೊದಲಿಂದ ಕೊನೆಯವರೆಗೆ ಒಂದೇ ಸಮನೆ ಏರುತ್ತದೆ. ಸ್ನೋಬಾಲ್ ಬಿದ್ದಲ್ಲಿ ಆರಾಮವಾಗಿ ಏರುತ್ತಿದ್ದ ಗೆರೆ ಯಾವುದೋ ಒಂದು ಗುಂಪಿನಲ್ಲಿ (ರ‍್ಯಾಂಪ್‌ನ ಒಂದೊಂದು ಬಿಂದುವಿಗೆ ಗುಂಪು ಎನ್ನುತ್ತಾರೆ) ತಟ್ಟನೆ ಜಿಗಿದು, ಆಮೇಲೆ ಮತ್ತೆ ಹಳೆಯ ವೇಗದಲ್ಲೇ ಮುಂದುವರಿಯುತ್ತದೆ. ಪೈಪ್‌ಲೈನ್‌ನ ಜಂಪ್ ಹಂತ ಇಂಥ ಜಿಗಿತವನ್ನು ಹಿಡಿದು ಡಿಕ್ಯೂ ಪದರದಲ್ಲಿ (ಪ್ರತಿ ಪಿಕ್ಸೆಲ್‌ನ ಗುಣಮಟ್ಟ ಬರೆದಿಡುವ ಪದರ) 4 ಎಂದು ಗುರುತು ಹಾಕುತ್ತದೆ. ಪ್ರಭಾವಲಯದ ಹೊರ ಅಂಚಿನಲ್ಲಿ ಜಿಗಿತ ಚಿಕ್ಕದು, ಅದು ಕಣ್ಣು ತಪ್ಪಿಸಿಕೊಳ್ಳುತ್ತದೆ. ನಿಮ್ಮ ಚಿತ್ರದಲ್ಲಿ ಉಳಿದಿರುವುದು ಆ ಅಂಚಿನ ಬಳೆ. ಜಂಪ್ ಹಂತದಲ್ಲಿ ದೊಡ್ಡ ಘಟನೆಗಳ ಗುರುತನ್ನು ಹಿಗ್ಗಿಸುವ ಆಯ್ಕೆ ಇದೆ. ಅದನ್ನು ತೆರೆದು ಅನ್‌ಕ್ಯಾಲ್‌ನಿಂದ ಮತ್ತೆ ನಡೆಸಿ. ಗುಂಪುಗಳ ಸಂಖ್ಯೆ ತೀರಾ ಕಡಿಮೆ ಇರುವ ಎಕ್ಸ್‌ಪೋಶರ್‌ನಲ್ಲಿ ಇದೂ ಕೈಕೊಡುತ್ತದೆ, ಜಿಗಿತ ಯಾವುದು ಏರಿಕೆ ಯಾವುದು ಎಂದು ಹೇಳಲು ಬಿಂದುಗಳೇ ಸಾಲವು. ಆಗ ಆ ಭಾಗವನ್ನು ಕೈಯಿಂದಲೇ ಮುಚ್ಚಿ, ಉಳಿದ ಡಿದರ್‌ಗಳಿಂದ ಮೊಸಾಯಿಕ್ ಕಟ್ಟಿ.

ವೆಬ್‌ನ ಮಧ್ಯ ಅವಕೆಂಪು ಕ್ಯಾಮೆರಾ ಮಿರಿಯಲ್ಲಿ ಇದರ ದಾಯಾದಿಯೊಂದಿದೆ. ಅಲ್ಲಿ ಉಂಡೆಯ ಬದಲು ಆಕಾರವಿಲ್ಲದ, ಅಗಲಕ್ಕೆ ಹರಡಿದ ತೇಪೆ ಕಾಣುತ್ತದೆ, ಅದನ್ನು ಶವರ್ ಎನ್ನುತ್ತಾರೆ. ಅಂಚು ಸ್ಪಷ್ಟವಿಲ್ಲದ್ದರಿಂದ ಹಿಡಿಯುವುದು ಇನ್ನೂ ಕಷ್ಟ.

ಲಕ್ಷಣ: ಎಳೆಎಳೆಯಾದ ಮಂದ ಮೋಡ

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದೇ, ಏಕೆಂದರೆ ಇದು ನೀಹಾರಿಕೆಯ ವೇಷ ಹಾಕಿ ಬರುತ್ತದೆ. ಕಳೆದ ವರ್ಷ ಜಯನಗರದ ಹುಡುಗಿಯೊಬ್ಬಳು ಗ್ಯಾಲಕ್ಸಿಯ ಪಕ್ಕದಲ್ಲಿ ಹೊಸ ನಕ್ಷತ್ರ ಪ್ರವಾಹ ಸಿಕ್ಕಿತೆಂದು ಸಂಭ್ರಮದಿಂದ ಚಿತ್ರ ಕಳಿಸಿದಳು. ನಾನು ಕೇಳಿದ ಮೊದಲ ಪ್ರಶ್ನೆ, "ಇದು ಯಾವ ಡಿಟೆಕ್ಟರ್, ಮಗಳೇ?" ಬಿ4 ಎಂದಳು. ಡಿದರ್ ಮಿಣುಕಿಸಿ ನೋಡು ಎಂದೆ. ಮೋಡ ಕದಲಲಿಲ್ಲ.

ಇವಕ್ಕೆ ವಿಸ್ಪ್ ಎನ್ನುತ್ತಾರೆ. ವೆಬ್‌ನ ಎರಡನೆಯ ಕನ್ನಡಿಯನ್ನು ಮುಂದೆ ಹಿಡಿದು ನಿಲ್ಲಿಸಿರುವ ಮೂರು ತೋಳುಗಳಲ್ಲಿ ಮೇಲಿನದರ ಮೇಲೆ ಬಿದ್ದ ಬೆಳಕು ಅಡ್ಡದಾರಿ ಹಿಡಿದು ಕ್ಯಾಮೆರಾದ ಒಳಗೆ ಬರುತ್ತದೆ. ಕಿರುತರಂಗದ ಎ3, ಎ4, ಬಿ3, ಬಿ4 ಡಿಟೆಕ್ಟರ್‌ಗಳಲ್ಲಿ ಇದು ಕಾಣುತ್ತದೆ, ಬಿ4ರಲ್ಲಿ ಅತಿ ಹೆಚ್ಚು. ಆಕಾರ ಮತ್ತು ಜಾಗ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ, ಹೊಳಪು ಮಾತ್ರ ಬದಲಾಗುತ್ತದೆ. ಹಾಗಾಗಿ ಡಿಟೆಕ್ಟರ್ ಹೆಸರು ನೋಡುವುದೇ ಅರ್ಧ ಪತ್ತೆ.

ನಿವಾರಣೆಗೆ ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ಹಲವು ಫಿಲ್ಟರ್‌ಗಳಿಗೆ ಮಾದರಿ ವಿಸ್ಪ್ ಚಿತ್ರಗಳನ್ನು ಕೊಡುತ್ತದೆ. ಅದನ್ನು ತಕ್ಕ ಪ್ರಮಾಣದಲ್ಲಿ ಗುಣಿಸಿ ಕಳೆಯಬೇಕು. ಪ್ರಮಾಣ ಹುಡುಕುವಾಗ ಆತುರ ಬೇಡ: ಹೆಚ್ಚು ಕಳೆದರೆ ಅದೇ ಆಕಾರದ ಕಪ್ಪು ನೆರಳು ಉಳಿಯುತ್ತದೆ. ಹೊಳಪು ಪ್ರತಿ ಎಕ್ಸ್‌ಪೋಶರ್‌ಗೂ ಬೇರೆ ಇರುವುದರಿಂದ ಪ್ರಮಾಣವನ್ನೂ ಬೇರೆ ಬೇರೆಯಾಗಿಯೇ ಹುಡುಕಬೇಕು. ಮಂದ ಹೊರವಲಯಗಳ ಬಗ್ಗೆ ಪ್ರಬಂಧ ಬರೆಯುವವರಿಗೆ ನನ್ನ ಮಾತು ಇನ್ನೂ ಕಟ್ಟುನಿಟ್ಟು: ವಿಸ್ಪ್ ಬಿದ್ದ ಪಿಕ್ಸೆಲ್‌ಗಳಿಂದ ಯಾವ ಅಳತೆಯನ್ನೂ ತೆಗೆದುಕೊಳ್ಳಬೇಡಿ, ಕಳೆದ ಮೇಲೂ ಸಹ.

ಕ್ಲಾ ಎಂಬ ಇನ್ನೊಂದು ಬಗೆಯಿದೆ, ಉಗುರಿನಿಂದ ಗೀರಿದ ಹಾಗೆ. ಅದಕ್ಕೆ ಕಾರಣ ಚೌಕಟ್ಟಿನಿಂದ ಬಹುದೂರ, ಆಕಾಶದ ಬೇರೆಯೇ ಭಾಗದಲ್ಲಿರುವ ಪ್ರಖರ ನಕ್ಷತ್ರ. ದೂರದರ್ಶಕ ಬೇರೆ ಕೋನದಲ್ಲಿ ತಿರುಗಿದಾಗ ತೆಗೆದ ಚಿತ್ರ ಆರ್ಕೈವ್‌ನಲ್ಲಿ ಇದ್ದರೆ ಹೋಲಿಸಿ, ಅಲ್ಲಿ ಇದು ಮಾಯವಾಗಿರುತ್ತದೆ.

ಲಕ್ಷಣ: ಹಿಂದೆ ಇದ್ದ ನಕ್ಷತ್ರದ ಪಿಶಾಚಿ

ಪ್ರಖರ ನಕ್ಷತ್ರವೊಂದು ಪಿಕ್ಸೆಲ್ ತುಂಬಿಸಿ ಹೋದ ಮೇಲೆ ಒಂದಷ್ಟು ವಿದ್ಯುದಂಶ ಡಿಟೆಕ್ಟರ್ ವಸ್ತುವಿನ ಕುಳಿಗಳಲ್ಲಿ ಸಿಕ್ಕಿಹಾಕಿಕೊಂಡು, ಮುಂದಿನ ಎಕ್ಸ್‌ಪೋಶರ್‌ಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಇದು ಪರ್ಸಿಸ್ಟೆನ್ಸ್. ಎಕ್ಸ್‌ಪೋಶರ್‌ಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಕಲೆ ಅದೇ ಪಿಕ್ಸೆಲ್‌ನಲ್ಲಿ ಉಳಿದು ಹೊತ್ತು ಕಳೆದಂತೆ ಮಾಸುತ್ತ ಹೋಗುತ್ತಿದೆಯೇ ನೋಡಿ. ನಿಮ್ಮ ಮೊದಲ ಎಕ್ಸ್‌ಪೋಶರ್‌ನಲ್ಲೇ ಕಲೆ ಇದ್ದರೆ ತಪ್ಪಿತಸ್ಥ ನಿಮ್ಮ ಫೈಲ್‌ಗಳಲ್ಲಿ ಇಲ್ಲ. ನಿಮ್ಮದಕ್ಕಿಂತ ಮುಂಚೆ ಆ ಡಿಟೆಕ್ಟರ್ ಬೇರೆಯವರಿಗಾಗಿ ಏನು ನೋಡುತ್ತಿತ್ತು ಎಂದು ಆರ್ಕೈವ್‌ನಲ್ಲಿ ಹುಡುಕಬೇಕು.

ದೋಷವಲ್ಲದ ಕೆಲವು ಲಕ್ಷಣಗಳು

ನಕ್ಷತ್ರದ ನಡುವೆ ಕಪ್ಪು ತೂತು: ಪಿಕ್ಸೆಲ್ ತುಂಬಿಹೋಗಿದೆ, ಡಿಕ್ಯೂ ಪದರದಲ್ಲಿ 2 ಇರುತ್ತದೆ, ಅಲ್ಲಿ ಬೆಲೆ ಸಿಗದೆ ಖಾಲಿ ಬಿಟ್ಟಿದ್ದಾರೆ. ಬಣ್ಣ ತುಂಬಿ ಮುಚ್ಚಿದರೆ ನೋಡಲು ಚೆನ್ನ, ಆದರೆ ಆ ನಕ್ಷತ್ರದ ಹೊಳಪನ್ನು ಅದರಿಂದ ಅಳೆಯಬೇಡಿ. ನಕ್ಷತ್ರದ ಸುತ್ತ ಆರು ದೊಡ್ಡ ಕಿರಣ, ಎರಡು ಚಿಕ್ಕವು: ಷಟ್ಕೋನದ ಕನ್ನಡಿ ಮತ್ತು ತೋಳುಗಳಿಂದಾದ ವಿವರ್ತನೆ, ಪ್ರತಿ ವೆಬ್ ಚಿತ್ರದಲ್ಲೂ ಇರುತ್ತದೆ. ಮಿರಿಯ 5.6 ಮತ್ತು 7.7 ಮೈಕ್ರಾನ್ ಫಿಲ್ಟರ್‌ಗಳಲ್ಲಿ ಪ್ರಖರ ನಕ್ಷತ್ರಕ್ಕೆ ಶಿಲುಬೆಯಾಕಾರ ಬಂದರೆ, ಅದು ಡಿಟೆಕ್ಟರ್‌ನ ಒಳಗೇ ಬೆಳಕು ಹರಡುವುದರಿಂದ.

ಲಕ್ಷಣ: ಇಡೀ ಹಿನ್ನೆಲೆಯೇ ಏರಿಕೊಂಡಿದೆ

ಅವಕೆಂಪಿನಲ್ಲಿ ಶಾಖ ಎಂದರೆ ಬೆಳಕೇ. ಮಿರಿಯ ದೀರ್ಘ ಫಿಲ್ಟರ್‌ಗಳಲ್ಲಿ ದೂರದರ್ಶಕದ ಸ್ವಂತ ಮೈಶಾಖವೇ ಹಿನ್ನೆಲೆಯ ದೊಡ್ಡ ಪಾಲು. ಅದಕ್ಕಾಗಿಯೇ ಐದು ಪದರದ ಸೂರ್ಯಗುರಾಣಿ, ಅದಕ್ಕಾಗಿಯೇ ಮಿರಿಯನ್ನು 7 ಕೆಲ್ವಿನ್‌ಗಿಂತ ಕೆಳಗೆ ಇಡುವ ಕ್ರಯೋಕೂಲರ್. ಆದ್ದರಿಂದ 21 ಮೈಕ್ರಾನ್ ಚಿತ್ರದ ಹಿನ್ನೆಲೆ 7.7ಕ್ಕಿಂತ ಬಹಳ ಹೆಚ್ಚಿದ್ದರೆ ಗಾಬರಿಯಾಗಬೇಡಿ, ಪಕ್ಕದ ಖಾಲಿ ಆಕಾಶದ ಎಕ್ಸ್‌ಪೋಶರ್ ಇದ್ದರೆ ಕಳೆಯಿರಿ.

ತಾಪ ಕೈಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇತಿಹಾಸದಲ್ಲಿ ಒಳ್ಳೆಯ ಪಾಠಗಳಿವೆ. ಹಬಲ್‌ಗೆ 1997ರ ಫೆಬ್ರವರಿಯಲ್ಲಿ ಜೋಡಿಸಿದ ನಿಕ್ಮಾಸ್ ಕ್ಯಾಮೆರಾವನ್ನು ಘನ ನೈಟ್ರೋಜನ್ ಮಂಜುಗಡ್ಡೆ ತಂಪಾಗಿಡುತ್ತಿತ್ತು. ಆ ಗಡ್ಡೆ ಹಿಗ್ಗಿ ಪಾತ್ರೆಯನ್ನೇ ಡೊಂಕು ಮಾಡಿತು. ಚಿತ್ರದಲ್ಲಿ ಕಂಡ ಲಕ್ಷಣ ಫೋಕಸ್‌ನದು: ಒಳಗಿನ ಮೂರು ಕ್ಯಾಮೆರಾಗಳೂ ಒಟ್ಟಿಗೆ ಫೋಕಸ್‌ಗೆ ಬರುತ್ತಿರಲಿಲ್ಲ. ಮೂಲದಲ್ಲಿದ್ದ ರೋಗ ಮಾತ್ರ ಶಾಖದ್ದು, ಮುಟ್ಟಬಾರದ ಭಾಗಗಳು ಮುಟ್ಟಿ ಶಾಖ ಒಳಗೆ ನುಸುಳುತ್ತಿತ್ತು. ನಾಲ್ಕು ವರ್ಷಕ್ಕೂ ಮೇಲೆ ಬರಬೇಕಿದ್ದ ನೈಟ್ರೋಜನ್ 1999ರ ಜನವರಿಗೇ ಮುಗಿಯಿತು. 2002ರ ಮಾರ್ಚ್‌ನಲ್ಲಿ ಗಗನಯಾತ್ರಿಗಳು ಹೊಸ ಕ್ರಯೋಕೂಲರ್ ಜೋಡಿಸಿ ಅದಕ್ಕೆ ಮರುಜೀವ ಕೊಟ್ಟರು. ಹೊಸ ಕಾಲದಲ್ಲಿ ಡಿಟೆಕ್ಟರ್ ಸುಮಾರು 77 ಕೆಲ್ವಿನ್‌ನಲ್ಲಿ ಕೆಲಸ ಮಾಡಿತು, ಮೊದಲಿಗಿಂತ ಬೆಚ್ಚಗೆ. ಹಾಗಾಗಿ ಅದರ ಡಾರ್ಕ್ ಕರೆಂಟೂ (ಬೆಳಕೇ ಬೀಳದಿದ್ದರೂ ಸೇರುವ ವಿದ್ಯುದಂಶ) ಬೇರೆ, ಬೆಳಕಿಗೆ ಸ್ಪಂದಿಸುವ ಪ್ರಮಾಣವೂ ಬೇರೆ. ನಿಕ್ಮಾಸ್‌ನ ಹಳೆಯ ದತ್ತಾಂಶ ಬಳಸುವವರು 1998ರ ಚಿತ್ರಕ್ಕೆ 2003ರ ಡಾರ್ಕ್ ಹಾಕಿದರೆ ಹಿನ್ನೆಲೆ ಎಂದಿಗೂ ಸರಿಹೋಗದು. ಸ್ಪಿಟ್ಜರ್ ಎಂಬ ಅವಕೆಂಪು ಬಾಹ್ಯಾಕಾಶ ದೂರದರ್ಶಕದ ದತ್ತಾಂಶಕ್ಕೂ ಇದೇ ಎಚ್ಚರ: 2009ರ ಮೇ ತಿಂಗಳಲ್ಲಿ ತಂಪಾಗಿಡುತ್ತಿದ್ದ ಹೀಲಿಯಂ ಮುಗಿದ ಮೇಲೆ ಅದು 3.6 ಮತ್ತು 4.5 ಮೈಕ್ರಾನ್‌ನಲ್ಲಿ ಮಾತ್ರ, ಬೇರೆಯೇ ತಾಪದಲ್ಲಿ, 2020ರ ಜನವರಿಯವರೆಗೆ ನಡೆಯಿತು. ಯಾವ ಅವಕೆಂಪು ಕ್ಯಾಮೆರಾವಾದರೂ ಸರಿ, ಚಿತ್ರದ ದಿನಾಂಕಕ್ಕೂ ರೆಫರೆನ್ಸ್ ಫೈಲ್‌ನ ಕಾಲಕ್ಕೂ ತಾಳೆ ನೋಡಿ.

ಕೊನೆಯ ಮೆಟ್ಟಿಲು: ನಮ್ಮ ಕಂಪ್ಯೂಟರ್

ನಡುವೆ ಕರೆಂಟ್ ಹೋಗಿ ವೈಫೈ ಕಡಿದರೆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಚಿತ್ರದ ಕೆಳಭಾಗ ಸರಿಯಿದ್ದು ಮೇಲಿನದು ಸೊನ್ನೆಯಾಗಿದ್ದರೆ ಮೊದಲು ಗಾತ್ರ ನೋಡಿ. ಲೆಕ್ಕ ಸುಲಭ: 2048ರಿಂದ 2048, ಪ್ರತಿ ಪಿಕ್ಸೆಲ್‌ಗೆ 2 ಬೈಟ್, ಅದನ್ನು ಗುಂಪುಗಳ ಸಂಖ್ಯೆಯಿಂದ ಗುಣಿಸಿ. ಒಂದು ಇಂಟಿಗ್ರೇಶನ್ (ಒಂದು ಪೂರ್ತಿ ರ‍್ಯಾಂಪ್), 10 ಗುಂಪು ಇರುವ ಅನ್‌ಕ್ಯಾಲ್ ಫೈಲ್ ಸುಮಾರು 84 ಎಂಬಿ ಇರಬೇಕು. ಇದಕ್ಕಿಂತ ಕಡಿಮೆ ಇದ್ದರೆ ಮತ್ತೆ ಇಳಿಸಿ. ರೆಫರೆನ್ಸ್ ಫೈಲ್‌ಗಳ ಕ್ಯಾಶ್‌ನಲ್ಲಿ ಅರ್ಧ ಇಳಿದ ಫೈಲ್ ಕುಳಿತಿದ್ದರೆ ಇನ್ನೂ ಕಾಟ, ಪೈಪ್‌ಲೈನ್ ಪ್ರತಿ ಸಲವೂ ಅದನ್ನೇ ಎತ್ತಿಕೊಳ್ಳಲು ಹೋಗುತ್ತದೆ. ಆ ಫೈಲ್ ಅಳಿಸಿ ಮತ್ತೆ ನಡೆಸಿ.

ಬೇರೆ ಬೇರೆ ಫಿಲ್ಟರ್ ಸೇರಿಸಿ ಬಣ್ಣದ ಚಿತ್ರ ಮಾಡಿದಾಗ ನಕ್ಷತ್ರಗಳು ಕೆಂಪು, ನೀಲಿ ಜೋಡಿಗಳಾಗಿ ಒಡೆದರೆ ಅದು ನಿರ್ದೇಶಾಂಕಗಳ ಅಸಮ. ಎಲ್ಲ ಫಿಲ್ಟರ್‌ಗಳನ್ನೂ ಗೈಯಾ ಪಟ್ಟಿಯ (ಗೈಯಾ ನೌಕೆ ಸ್ಥಾನ ಅಳೆದ ನಕ್ಷತ್ರಗಳ ಪಟ್ಟಿ) ನಕ್ಷತ್ರಗಳಿಗೆ ಹೊಂದಿಸಿ. ಹಿನ್ನೆಲೆಯನ್ನು ಮಿತಿ ಮೀರಿ ಎಳೆದು ನೋಡುವುದರಿಂದ ಹುಟ್ಟುವ ದೋಷಗಳೂ ಇವೆ. ಲಾಗ್ ಅಳತೆಯಲ್ಲಿ ಕಂಡದ್ದನ್ನು ಒಮ್ಮೆ ಲೀನಿಯರ್‌ನಲ್ಲಿ ನೋಡಿ, ಹಿನ್ನೆಲೆಯ ಸದ್ದಿಗಿಂತ ಅದು ಎಷ್ಟು ಪಟ್ಟು ಮೇಲಿದೆ ಎಂದು ಅಳೆದು ಬರೆಯಿರಿ.

ಇಷ್ಟಾದರೂ ಬಗೆಹರಿಯದಿದ್ದರೆ ವೆಬ್‌ನ ಸಹಾಯ ಕೇಂದ್ರಕ್ಕೆ ಬರೆಯಿರಿ. ಬರೆಯುವಾಗ ಬರೀ ಸ್ಕ್ರೀನ್‌ಶಾಟ್ ಕಳಿಸಬೇಡಿ. ಕಾರ್ಯಕ್ರಮದ ಸಂಖ್ಯೆ, ಫೈಲ್‌ನ ಪೂರ್ತಿ ಹೆಸರು, ಡಿಟೆಕ್ಟರ್, ಫಿಲ್ಟರ್, ಕಲೆಯ ನಡುವಿನ ಪಿಕ್ಸೆಲ್‌ನ ಅಡ್ಡ ಮತ್ತು ಉದ್ದದ ಅಂಕಿ, ಪೈಪ್‌ಲೈನ್ ಆವೃತ್ತಿ, ರೆಫರೆನ್ಸ್ ಫೈಲ್‌ಗಳ ಆವೃತ್ತಿ, ಡಿದರ್ ಮಿಣುಕಿಸಿದಾಗ ಕಲೆ ಸರಿಯಿತೋ ಇಲ್ಲವೋ, ಆ ಪಿಕ್ಸೆಲ್‌ನ ರ‍್ಯಾಂಪ್ ಗ್ರಾಫ್. ಇವೆಲ್ಲ ಜೊತೆಗಿದ್ದರೆ ಅಲ್ಲಿನವರು ನಿಮ್ಮನ್ನು ಮತ್ತೆ ಪ್ರಶ್ನೆ ಕೇಳುತ್ತ ಕೂರದೆ ನೇರ ಆ ಪಿಕ್ಸೆಲ್‌ಗೇ ಹೋಗಿ ನೋಡಬಹುದು.